ಹದಿನೇಳು ದಿನ ತಡವಾಗಿ ಬಂದ ಸೋಲು

ಒಂದೇ ಹುಡುಗಿಯನ್ನು ಒಂದೇ ಗಳಿಗೆಯಲ್ಲಿ ಎರಡು ಕಡೆ ನೋಡಿದವನು ನಾನು. ಹೀಗೆಂದರೆ ನೀವು ಮೊದಲು ನನ್ನ ವಯಸ್ಸು ಕೇಳುತ್ತೀರಿ, ಆಮೇಲೆ ಒಬ್ಬ ಒಳ್ಳೆಯ ಕಣ್ಣಿನ ಡಾಕ್ಟರ ವಿಳಾಸ ಕೊಡುತ್ತೀರಿ. ಎರಡೂ ಬೇಡ. ಒಂದು ಶನಿವಾರ ಸಂಜೆ ಆರಕ್ಕೆ ನಾರಾಯಣಗೂಡದ ನಮ್ಮ ಮನೆಯ ಟೀವಿಯಲ್ಲಿ ನನ್ನ ತಮ್ಮನ ಮಗಳು ಭಾಗ್ಯಾ ಜರಿ ಹಚ್ಚಿದ ಕೆಂಪು ಲಂಗ ತೊಟ್ಟು ಹೊಗೆಯ ನಡುವೆ ಗರಗರ ತಿರುಗುತ್ತಿದ್ದಳು. ಅದೇ ಭಾಗ್ಯಾ ನನ್ನ ಪಕ್ಕದಲ್ಲಿ, ನನ್ನ ಹೆಂಡತಿಯ ಹಳೇ ನೈಟಿ ತೊಟ್ಟು, ಸೋಫಾದ ಮೇಲೆ ಕಾಲು ಮಡಚಿ ಕೂತು ಚುರುಮುರಿ ತಿನ್ನುತ್ತಿದ್ದಳು. ಟೀವಿಯವಳಿಗೆ ಮೂವರು ತೀರ್ಪುಗಾರರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸೋಫಾದವಳು ಒಂದು ಸೇಂಗಾಕಾಳು ಬಾಯಿಗೆ ಹಾಕಿಕೊಂಡು, "ದೊಡ್ಡಪ್ಪ, ಅಕಿ ಭಾಳ ಚಲೋ ಮಾಡಾಕತ್ತಾಳಲ್ಲ?" ಎಂದಳು.

ಅಕಿ ಎಂದರೆ ತಾನೇ! ಹೌದು ಎನ್ನಬೇಕೋ, ನೀನೇನು ಅವಳಿಗೆ ಕಡಿಮೆಯಿಲ್ಲ ಎಂದು ಸಮಾಧಾನ ಹೇಳಬೇಕೋ ತಿಳಿಯದೆ ನಾನೂ ಚುರುಮುರಿಯ ಬಟ್ಟಲಿಗೆ ಕೈ ಹಾಕಿದೆ.

ಸಂಗತಿ ಇಷ್ಟೇ. ಭಾಗ್ಯಾ ಬಿ.ಕಾಂ. ಎರಡನೇ ವರ್ಷದ ಹುಡುಗಿ. ಒಂದು ತೆಲುಗು ಚಾನೆಲ್ಲಿನ ನೃತ್ಯಸ್ಪರ್ಧೆಗೆ ಅರ್ಜಿ ಹಾಕಿದಳು, ಆಯ್ಕೆಯಾದಳು, ಸೂಟ್‌ಕೇಸು ತೆಗೆದುಕೊಂಡು ಸ್ಪರ್ಧಿಗಳ ವಸತಿಗೆ ಹೋದಳು. ಸುಮಾರು ಎರಡು ತಿಂಗಳು ಗೆಲ್ಲುತ್ತ ಬಂದು ಒಂದು ಗುರುವಾರ ಸೋತಳು. ಆದರೆ ಆ ಗುರುವಾರದ ಸೋಲು ಟೀವಿಯಲ್ಲಿ ಬರುವುದು ಹದಿನೇಳು ದಿನದ ಮೇಲೆ, ಒಂದು ಭಾನುವಾರ. ಅಲ್ಲಿಯವರೆಗೆ ಯಾರಿಗೂ ಹೇಳುವಂತಿಲ್ಲ, ಹುಡುಗಿ ಯಾರ ಕಣ್ಣಿಗೂ ಬೀಳುವಂತಿಲ್ಲ ಎಂದು ಚಾನೆಲ್ಲಿನವರು ಮೊದಲೇ ಕಾಗದ ಮಾಡಿಸಿಕೊಂಡಿದ್ದರು. ಸಹಿ ಹಾಕಿದವನು ನನ್ನ ತಮ್ಮ ಗುರುನಾಥ. ಅವನು ರೈಲ್ವೆಯ ಸಿಗ್ನಲ್ ವಿಭಾಗದವನು. ರೈಲ್ವೆಯವರಿಗೆ ಸಹಿ ಹಾಕಿದ ಕಾಗದವೆಂದರೆ ಏನೆಂಬುದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ನನಗೆ ಗೊತ್ತು, ನಾನೂ ಅಲ್ಲಿಯೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಮನೆಗೆ ಬೆಂಕಿ ಬಿದ್ದರೂ ಲಿಖಿತ ಆದೇಶ ಬಂದಿದೆಯೇ ಎಂದು ಕೇಳಿ ನೀರು ತರುವ ಜನ ನಾವು.

ಗುರುನಾಥನ ಮನೆ ಮಲ್ಕಾಜ್‌ಗಿರಿಯ ಒಂದು ಗಲ್ಲಿಯಲ್ಲಿದೆ. ಗಲ್ಲಿಯ ಮೂಲೆಯಲ್ಲಿ ಭಾಗ್ಯಾಳ ಆಳೆತ್ತರದ ಫ್ಲೆಕ್ಸು ನಿಂತಿತ್ತು. ಅದರ ಕೆಳಗೇ ಭಾಗ್ಯಾ ಸೂಟ್‌ಕೇಸು ಹಿಡಿದು ಇಳಿದರೆ ಕಾಗದದ ಗತಿಯೇನು? ಹೀಗಾಗಿ ಅವಳನ್ನು ನೆಟ್ಟಗೆ ನನ್ನ ಮನೆಗೆ ತಂದು ಬಿಟ್ಟರು. ನಾನಿರುವ ಕಟ್ಟಡದ ಕೆಳಗೆ ಕೋಚಿಂಗ್ ಸೆಂಟರು. ದಿನವಿಡೀ ಮೆಟ್ಟಿಲ ಮೇಲೆ ಅದೇ ವಯಸ್ಸಿನ ಹುಡುಗಿಯರ ಜಾತ್ರೆ. ಮುಖಕ್ಕೆ ಓಢಣಿ ಸುತ್ತಿಕೊಂಡ ಇನ್ನೊಬ್ಬಳು ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಹುಡುಗಿಯರ ನಡುವೆ ಹುಡುಗಿಯನ್ನು ಬಚ್ಚಿಟ್ಟೆವೆಂದು ತಮ್ಮ ತನ್ನ ಜಾಣತನಕ್ಕೆ ತಾನೇ ತಲೆದೂಗಿದ.

ಎಲ್ಲ ಸರಿಯಿತ್ತು. ಒಂದನ್ನು ಬಿಟ್ಟು. ಅವ್ವ.

ನಮ್ಮ ಅವ್ವ ಶಹಾಪುರದ ಕಡೆಯವಳು, ಎಂಬತ್ತು ದಾಟಿದೆ, ಗುರುನಾಥನ ಮನೆಯಲ್ಲಿದ್ದಾಳೆ. ಅವಳ ಊಟ ಕೋಳಿ ಕುಕ್ಕಿದಷ್ಟು. ಆದರೆ ಚಹಾ ಮಾತ್ರ ದಿನಕ್ಕೆ ಮೂರು ಸಲ, ಕಪ್ಪಿನಿಂದ ಬಸಿಗೆ ಸುರಿದು, ಊದಿ, ಕಣ್ಣು ಮುಚ್ಚಿ ಕುಡಿಯಬೇಕು. ಅಂಥವಳು ಭಾಗ್ಯಾ ಸೂಟ್‌ಕೇಸು ಎತ್ತಿದ ದಿನ ನಮ್ಮೂರ ಹನುಮಪ್ಪನ ಫೋಟೋದ ಮುಂದೆ ನಿಂತು ಏನೋ ಬೇಡಿಕೊಂಡಳು. ಬೇಡಿಕೊಂಡದ್ದು ಈಡೇರುವ ತನಕ ಚಹಾ ಮುಟ್ಟುವುದಿಲ್ಲವೆಂದು ಹರಕೆ ಹೊತ್ತಳು. ಗಲ್ಲಿಗೆ ಗಲ್ಲಿಯೇ ಕಣ್ಣೊರೆಸಿಕೊಂಡಿತು. ಮೊಮ್ಮಗಳು ಗೆಲ್ಲಲಿ ಎಂದು ಚಹಾ ಬಿಟ್ಟ ಅಜ್ಜಿ! ಪಕ್ಕದ ಮನೆಯ ಲಕ್ಷ್ಮಿಯವರಂತೂ ತಮ್ಮ ಸೊಸೆಯ ಮುಂದೆ ಇದನ್ನು ದಿನಕ್ಕೊಮ್ಮೆ ಎತ್ತಿ ಆಡತೊಡಗಿದರಂತೆ.

ಮೊದಲ ವಾರ ಅವ್ವನಿಗೆ ತಲೆನೋವು ಬಂತು. ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗಿದಳು. ಆಮೇಲೆ ತಲೆನೋವು ಹೋಯಿತು, ಅದರ ಹಿಂದೆಯೇ ಹುರುಪೂ ಹೋಯಿತು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಗಲ್ಲಿಯಲ್ಲಿ ಹೋಗಿಬರುವವರನ್ನೆಲ್ಲ ನಿಲ್ಲಿಸಿ ವಿಚಾರಿಸುವುದು ಅವಳ ಕೆಲಸ. ಅದು ನಿಂತಿತು. ಎರಡು ರೊಟ್ಟಿ ಒಂದಾಯಿತು, ಒಂದು ಅರ್ಧವಾಯಿತು. ಅವ್ವ ಹೀಗೆ ಸೊರಗುವುದನ್ನು ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಹುಡುಗಿ ಸ್ಪರ್ಧೆಯಲ್ಲಿ ಇರುವವರೆಗೆ ಅದಕ್ಕೊಂದು ಅರ್ಥವಿತ್ತೆನ್ನಿ. ಗುರುವಾರದ ಮೇಲೆ ಏನರ್ಥ? ಮುಗಿದುಹೋದ ಆಟಕ್ಕಾಗಿ ಮುದುಕಿ ಉಪವಾಸ ಕೂತಂತಾಯಿತಲ್ಲ!

"ಅವ್ವಗರೆ ಹೇಳೋಣಲೇ," ಎಂದೆ ತಮ್ಮನಿಗೆ.

"ಸಹಿ ಮಾಡೀನಣ್ಣ," ಎಂದ ಅವನು. "ಅವ್ವಗ ಹೇಳೂದೂ ಒಂದೆ, ಸ್ಟೇಶನ್ನ್ಯಾಗ ಮೈಕ್ ಹಿಡದು ಹೇಳೂದೂ ಒಂದೆ."

ಅದು ಸುಳ್ಳಲ್ಲ. ಆದರೆ ಸ್ಟೇಷನ್ನಿನ ಮಾತು ತೆಗೆದದ್ದರಿಂದ ನನಗೆ ಒಳಗೆ ಚುಚ್ಚಿತು. ನನ್ನ ನೌಕರಿಯೇ ಸ್ಟೇಷನ್ನಿನ ವಿಚಾರಣೆ ಕಿಟಕಿಯ ಹಿಂದೆ ಕೂತು, ಗಾಡಿ ಎಲ್ಲಿದೆ ಎಂದು ಜನರಿಗೆ ಹೇಳುವುದಾಗಿತ್ತು. ಹೊರಟೇ ಇಲ್ಲದ ಗಾಡಿಯನ್ನು ಹಾದಿಯಲ್ಲಿದೆ ಎಂದದ್ದುಂಟು. ಕೈಯಲ್ಲಿ ಕೂಸು ಹಿಡಿದು ನಿಂತ ಹೆಂಗಸಿಗೆ ಆರು ತಾಸು ತಡ ಎಂದು ಹೇಳಲಾರದೆ, ಒಂದೊಂದೇ ತಾಸು ಕಂತಿನಲ್ಲಿ ಹೇಳಿದ್ದುಂಟು. ಆದರೂ ಆ ಟೀವಿ ನಿರೂಪಕನಂತೆ ಎಂದೂ ಮಾಡಿಲ್ಲ. ಅವನು, ಈ ವಾರ ಹೊರಗೆ ಹೋಗುವವರು, ಎಂದು ನಿಲ್ಲಿಸುತ್ತಾನೆ. ಡೋಲು ಬಡಿಯುತ್ತದೆ. ಕ್ಯಾಮೆರಾ ಒಬ್ಬೊಬ್ಬರ ಮುಖದ ಮೇಲೂ ಹೋಗಿ ನಿಲ್ಲುತ್ತದೆ. ಸಾಬೂನಿನ ಜಾಹೀರಾತು ಬರುತ್ತದೆ, ಅಡುಗೆ ಎಣ್ಣೆಯ ಜಾಹೀರಾತು ಬರುತ್ತದೆ, ಮತ್ತೆ ಡೋಲು. ಗಾಡಿ ಬರುವ ಪ್ಲಾಟ್‌ಫಾರ್ಮಿನ ನಂಬರನ್ನು ನಾನು ಹೀಗೆ ಹೇಳಿದ್ದರೆ ಜನ ಕಿಟಕಿಯೊಳಗೇ ಕೈ ಹಾಕುತ್ತಿದ್ದರು.

ಈ ಕಾರ್ಯಕ್ರಮದಲ್ಲಿ ನನಗೆ ತಿಳಿಯದ್ದು ಅದೊಂದೇ ಅಲ್ಲ. ಮೊದಲು, ಅದರಲ್ಲಿ ನೃತ್ಯ ಎಷ್ಟು, ಹಾರಾಟ ಎಷ್ಟು? ನಮ್ಮ ಕಡೆಯ ಶಾಸ್ತ್ರದವರು ರಸ ಒಂಬತ್ತು ಎಂದರು. ಇವರು ಎಂಟನ್ನು ರಜೆಯ ಮೇಲೆ ಕಳಿಸಿ ಕರುಣರಸ ಒಂದರಿಂದಲೇ ಸಂಸಾರ ನಡೆಸುತ್ತಾರೆ. ಹುಡುಗಿ ಕುಣಿದರೆ ತೀರ್ಪುಗಾರರು ಅಳುತ್ತಾರೆ, ಅವರು ಅತ್ತರೆಂದು ಹುಡುಗಿ ಅಳುತ್ತಾಳೆ, ಅವಳು ಅತ್ತಳೆಂದು ಬಸ್ಸಿನಲ್ಲಿ ಕರೆತಂದು ಕೂರಿಸಿದ ಪ್ರೇಕ್ಷಕರು ಅಳುತ್ತಾರೆ. ನಡುನಡುವೆ ಒಬ್ಬ ಹುಡುಗ ಹುಡುಗಿಯನ್ನು ಸೊಂಟ ಹಿಡಿದು ಮಾಳಿಗೆಯೆತ್ತರಕ್ಕೆ ಎಸೆಯುತ್ತಾನೆ. ಅವಳು ಗಾಳಿಯಲ್ಲಿ ಎರಡು ಸುತ್ತು ಸುತ್ತಿ ಬೀಳುವವಳನ್ನು ಇನ್ನಿಬ್ಬರು ಹಿಡಿಯುತ್ತಾರೆ. ಪಾಲಂಪೇಟೆಯ ರಾಮಪ್ಪ ಗುಡಿಯಲ್ಲಿ ಕರಿಕಲ್ಲಿನ ನರ್ತಕಿಯರನ್ನು ನೋಡಿದ್ದೇನೆ. ಶತಮಾನಗಳಿಂದ ಒಂದೇ ಭಂಗಿಯಲ್ಲಿ ನಿಂತಿದ್ದಾರೆ, ಯಾರೂ ಅವರನ್ನು ಮೇಲಕ್ಕೆ ಎಸೆದಿಲ್ಲ, ಆದರೂ ಜನ ನೋಡಲು ಹೋಗುತ್ತಾರೆ. ಇದನ್ನು ಭಾಗ್ಯಾಳ ಮುಂದೆ ಹೇಳಿದೆ. "ಅವರು ಈ ಕಾಲದಾಗ ಮೊದಲನೇ ವಾರದಾಗ ಔಟ್, ದೊಡ್ಡಪ್ಪ," ಎಂದಳು.

ಚಾನೆಲ್ಲಿನವರು ಮನೆಗೆ ಬಂದು ಚಿತ್ರ ತೆಗೆದ ದಿನವೂ ಹೀಗೆಯೇ ಗೊಂದಲ. ಪ್ರತಿ ಸ್ಪರ್ಧಿಗೂ ಒಂದು ದುಃಖದ ಕತೆ ಬೇಕಂತೆ. ಗುರುನಾಥನಿಗೆ ನೌಕರಿಯಿದೆ, ಮನೆ ಸ್ವಂತದ್ದು, ಎಲ್ಲರ ಆರೋಗ್ಯ ಸರಿಯಿದೆ. ಬಂದ ಹುಡುಗರು ತಲೆಯ ಮೇಲೆ ಕೈ ಹೊತ್ತು ಕೂತರು. ಏನಾದರೂ ಕಷ್ಟ ಇರಲೇಬೇಕಲ್ಲಮ್ಮಾ ಎಂದು ತಮ್ಮನ ಹೆಂಡತಿ ಸುಜಾತಾಳನ್ನು ತೆಲುಗಿನಲ್ಲಿ ಅಂಗಲಾಚಿದರು. ಅವಳು ಪಾಪ, ತುಂಬ ಯೋಚಿಸಿ, ನಲ್ಲಿಯಲ್ಲಿ ನೀರು ದಿನಾ ಬರುವುದಿಲ್ಲ ಎಂದಳು. ಕೊನೆಗೆ ಅವ್ವ ಕಿಟಕಿಯಿಂದ ಹೊರಗೆ ನೋಡುತ್ತ ಕೂತದ್ದನ್ನು ತೆಗೆದುಕೊಂಡು ಹೋದರು. ಟೀವಿಯಲ್ಲಿ ಅದು ಪಿಟೀಲಿನ ಜೊತೆ ಬಂದಾಗ ನಾನೂ ಕಣ್ಣೊರೆಸಿಕೊಂಡೆ. ಅವ್ವ ಅಂದು ಕಾಯುತ್ತಿದ್ದದ್ದು ತರಕಾರಿ ಗಾಡಿಯನ್ನು.

ಈಗ ನನ್ನ ದೊಡ್ಡ ಗೊಂದಲಕ್ಕೆ ಬರುತ್ತೇನೆ. ಆಗಿಹೋದ, ಆದರೆ ಪ್ರಸಾರವಾಗದ ಸಂಗತಿಗೆ ಬೇಡಿಕೊಂಡರೆ ದೇವರು ಏನು ಮಾಡಬೇಕು? ನೀವು ನಗಬಹುದು. ಆದರೆ ಪರೀಕ್ಷೆ ಬರೆದು ಬಂದ ಮೇಲೆ ಕೈ ಮುಗಿದಿಲ್ಲವೇ ನೀವು? ಡಾಕ್ಟರು ರಿಪೋರ್ಟಿನ ಲಕೋಟೆ ಒಡೆಯುವಾಗ? ಒಳಗೆ ಏನಿದೆಯೋ ಅದು ಆಗಲೇ ಅಚ್ಚಾಗಿದೆ. ಆದರೂ ಕಾಗದ ಹೊರಬರುವಷ್ಟರಲ್ಲಿ ದೇವರು ಅಕ್ಷರ ತಿದ್ದಲಿ ಎಂದು ಕೇಳುತ್ತೇವೆ. ಯೋಚಿಸಿದಷ್ಟೂ ನನಗೆ ಅನಿಸತೊಡಗಿತು, ಮನುಷ್ಯರ ಪ್ರಾರ್ಥನೆಯೆಲ್ಲ ಬಹುಪಾಲು ನಡೆಯುವುದೇ ಆದದ್ದಕ್ಕೂ ತಿಳಿದದ್ದಕ್ಕೂ ನಡುವಿನ ಆ ಸಣ್ಣ ಸಂದಿಯಲ್ಲಿ. ಆದರೆ ಇಲ್ಲಿ ಇನ್ನೊಂದು ತೊಡಕಿತ್ತು. ನನಗೆ ತಿಳಿದಿತ್ತು, ಅವ್ವನಿಗೆ ತಿಳಿದಿರಲಿಲ್ಲ. ಒಂದೇ ಮನೆತನದಲ್ಲಿ ನನ್ನ ಪಾಲಿಗೆ ಮುಗಿದದ್ದು ಅವಳ ಪಾಲಿಗೆ ಮುಗಿದಿಲ್ಲ.

ಸುಮ್ಮನಿರಲಾರದೆ ಹತ್ತಿರದ ಗುಡಿಯ ಪೂಜಾರಿಯವರನ್ನು ಕೇಳಿಬಿಟ್ಟೆ, ಹೆಸರು ಹೇಳದೆ. ಸ್ವಾಮೀ, ತೀರ್ಪು ಬರೆದಾಗಿದೆ, ಇನ್ನೂ ಓದಿಲ್ಲ, ಹರಕೆ ನಡೆಯುತ್ತದೆಯೇ ಎಂದೆ. ಅವರು ನನ್ನನ್ನು ಕರುಣೆಯಿಂದ ನೋಡಿ, "ಏ ಕೋರ್ಟುಲೋ ಸಾರ್?" ಎಂದರು. ಯಾವ ಕೋರ್ಟೆಂದು ಹೇಳಲಿ! ಪ್ರಸಾದ ತೆಗೆದುಕೊಂಡು ಬಂದೆ.

ಶಾಸ್ತ್ರ ಕೈಕೊಟ್ಟ ಮೇಲೆ ಮೋಸಕ್ಕೆ ಇಳಿದೆ. ತಮ್ಮನ ಮನೆಯಲ್ಲಿ ಸುಜಾತಾ ಶುಂಠಿ, ಮೆಣಸು, ಬೆಲ್ಲ ಹಾಕಿ ಕಷಾಯ ಕುದಿಸಿದಳು. ಅವಳ ಬೆನ್ನ ಹಿಂದಿನಿಂದ ನಾನು ಒಂದು ಚಿಟಿಕೆ ಚಹಾಪುಡಿ ಹಾಕಿದೆ. "ಬ್ಯಾಡ ಭಾವ, ಅತ್ತಿಯವರಿಗೆ ಗೊತ್ತಾಗ್ತೈತ್ರಿ," ಎಂದು ಅವಳು ಎಚ್ಚರಿಸಿದಳು. ಬಸಿ ಇನ್ನೂ ಮಾರು ದೂರದಲ್ಲಿದ್ದಾಗಲೇ ಅವ್ವ ಮೂಗು ಎತ್ತಿದಳು.

"ಅರವತ್ತ ದಾಟಿತು, ಇನ್ನ ನಿನಗ ಬುದ್ಧಿ ಬರಲಿಲ್ಲ ನೋಡು. ಹನುಮಪ್ಪನ ಕಣ್ಣಿಗೆ ಮಣ್ಣು ಎರಚಾಕ ಬಂದಿ?"

ನಾನು ತಲೆ ತಗ್ಗಿಸಿ ಅದನ್ನು ನಾನೇ ಕುಡಿದೆ. ಕೆಟ್ಟದಾಗಿತ್ತು.

ಇತ್ತ ನಾರಾಯಣಗೂಡದ ಮನೆಯಲ್ಲಿ ಭಾಗ್ಯಾ ದಿನದಿನಕ್ಕೆ ಮಾತು ಕಡಿಮೆ ಮಾಡಿದಳು. ಸೋತದ್ದಕ್ಕೆ ಅವಳು ಮೊದಲ ಎರಡು ದಿನ ಅತ್ತಳು, ಮೂರನೆಯ ದಿನ ನನ್ನ ಹೆಂಡತಿಯ ಕೈಯ ಎಣ್ಣೆಗಾಯಿ ಪಲ್ಯ ತಿಂದಳು, ನಾವು ಗೆದ್ದೆವೆಂದುಕೊಂಡೆವು. ಆದರೆ ಚಹಾದ ಹೊತ್ತಾದರೆ ಸಾಕು, ಎದ್ದು ಒಳಗೆ ಹೋಗುತ್ತಿದ್ದಳು. ಒಂದು ದಿನ ಕೇಳಿದ್ದಕ್ಕೆ ಅತ್ತೇಬಿಟ್ಟಳು.

"ಅಜ್ಜಿ ನನ್ನ ಸಲುವಾಗಿ ಚಹಾ ಬಿಟ್ಟಾಳ, ನಾ ಸೋತು ಬಂದು ಇಲ್ಲಿ ಕುಂತೀನಿ. ಯಾವ ಮುಖ ಇಟಗೊಂಡು ಅಕಿ ಮುಂದ ಹೋಗ್ಲಿ ದೊಡ್ಡಪ್ಪ? ನಾ ಹೋಗೂದಿಲ್ಲ. ಟೀವಿನ್ಯಾಗ ಬಂದ ಮ್ಯಾಲೂ ಹೋಗೂದಿಲ್ಲ."

ಗಾಳಿಯಲ್ಲಿ ಎರಡು ಸುತ್ತು ಸುತ್ತುವ ಹುಡುಗಿ ತನ್ನ ಅಜ್ಜಿಯ ಹೊಸ್ತಿಲು ದಾಟಲು ಹೆದರುತ್ತಿದ್ದಳು. ಅವಳ ಹೆದರಿಕೆ ನೋಡಿ ನನಗೆ ಆ ಹರಕೆಯ ಮೇಲೇ ಸಿಟ್ಟು ಬಂತು. ಈ ಮುದುಕಿ ಪ್ರೀತಿಯಿಂದ ಮಾಡಿದ್ದು ಮಗುವಿನ ಕುತ್ತಿಗೆಗೆ ಹಗ್ಗವಾಯಿತಲ್ಲ ಎಂದು ಅವ್ವನ ಮೇಲೂ ಬಂತು. ಹೆಂಡತಿ ಮಾತ್ರ, "ನೀವು ಭಾಳ ವಿಚಾರ ಮಾಡಬ್ಯಾಡ್ರಿ, ನಿಮಗ ಹೊಂದೂದಿಲ್ಲ," ಎಂದಳು.

ಅಂತೂ ಆ ಭಾನುವಾರ ಬಂತು. ಹೆಂಡತಿಯನ್ನು ಭಾಗ್ಯಾಳ ಹತ್ತಿರ ಬಿಟ್ಟು ನಾನು ಮಲ್ಕಾಜ್‌ಗಿರಿಗೆ ಹೋದೆ. ಸೋಲಿನ ಸುದ್ದಿ ಕೇಳಿ ಅವ್ವನಿಗೆ ಏನಾದರೂ ಆದರೆ ಪಕ್ಕದಲ್ಲಿರಬೇಕಲ್ಲ. ಲಕ್ಷ್ಮಿಯವರೂ ಗಲ್ಲಿಯ ನಾಲ್ಕಾರು ಜನರೂ ಬಂದು ಕೂತಿದ್ದರು. ಗುರುನಾಥ ಏನೂ ಗೊತ್ತಿಲ್ಲದವನ ಮುಖ ಮಾಡಲು ಹೋಗಿ, ಎಲ್ಲ ಗೊತ್ತಿರುವವನಂತೆ ಕಾಣುತ್ತಿದ್ದ. ಅವ್ವ ಟೀವಿಗೆ ಮೊಳಕಾಲು ತಾಗುವಷ್ಟು ಹತ್ತಿರ ಕೂತಿದ್ದಳು. ಭಾಗ್ಯಾಳನ್ನು ಮೇಲಕ್ಕೆ ಎಸೆದಾಗ ಎಂದಿನಂತೆ ಕಣ್ಣು ಮುಚ್ಚಿ ತುಟಿ ಅಲುಗಾಡಿಸಿದಳು. "ಚೂಡಂಡಿ, ಮನವರಾಲು ಗೆಲವಾಲನಿ," ಎಂದು ಲಕ್ಷ್ಮಿಯವರು ಪಕ್ಕದವರಿಗೆ ತೋರಿಸಿದರು. ಮೊಮ್ಮಗಳು ಗೆಲ್ಲಲಿ ಎಂಬ ಜಪವಿದು ಎಂದು ಎಲ್ಲರ ತಿಳುವಳಿಕೆ, ನನ್ನದೂ.

ಇಬ್ಬರು ಉಳಿದರು, ಭಾಗ್ಯಾ ಮತ್ತು ಕರೀಂನಗರದ ಒಬ್ಬ ಹುಡುಗ. ಡೋಲು ಶುರುವಾಯಿತು. ಇನ್ನು ಹೇಳುವುದಕ್ಕೆ ನನಗೆ ನಾಚಿಕೆ, ಆದರೆ ಹೇಳುತ್ತೇನೆ. ಫಲಿತಾಂಶ ಹದಿನೇಳು ದಿನದಿಂದ ನನ್ನ ಸೋಫಾದ ಮೇಲೆ ಕೂತು ಚುರುಮುರಿ ತಿನ್ನುತ್ತಿತ್ತು. ಹಾಗಿದ್ದೂ ನನ್ನ ಎರಡು ಕೈ ತಾವಾಗಿಯೇ ಕೂಡಿಕೊಂಡವು. ಹನುಮಪ್ಪಾ, ಹುಡುಗಿ ಉಳಿಯಲಿ ಎಂದೆ, ಮನಸ್ಸಿನೊಳಗೆ ಅಲ್ಲ, ತುಟಿಯಿಂದಲೇ. ಪಕ್ಕಕ್ಕೆ ನೋಡಿದರೆ ಸಹಿ ಹಾಕಿದ ಗುರುನಾಥನೂ ಕೈ ಮುಗಿದಿದ್ದ.

"ಈ ವಾರಂ ಇಂಟಿಕಿ ವೆಳ್ಳೇದಿ..." ಎಂದ ನಿರೂಪಕ, ಈ ವಾರ ಮನೆಗೆ ಹೋಗುವವರು ಎಂದು. ಸಾಬೂನು ಬಂತು, ಎಣ್ಣೆ ಬಂತು. ಆಮೇಲೆ, "ಭಾಗ್ಯಾ!"

ಟೀವಿಯೊಳಗೆ ಎಲ್ಲರೂ ಅಳಲು ಹತ್ತಿದರು. ಹೊರಗೆ ಲಕ್ಷ್ಮಿಯವರು ಸೆರಗು ಕಣ್ಣಿಗೆ ಒತ್ತಿಕೊಂಡರು. ನನ್ನ ಕಣ್ಣಿನಿಂದಲೂ ಬಳಬಳನೆ ನೀರು ಬಂತು. ಅವ್ವ ಒಬ್ಬಳೇ ಅತ್ತ ಇತ್ತ ನೋಡಿದಳು.

"ಏನಂದ ಅವ?"

"ಭಾಗ್ಯಾ ಮನೀಗೆ ಹೋಗಬೇಕಂತ, ಅವ್ವ," ಎಂದ ಗುರುನಾಥ.

"ಮನೀಗೆ ಅಂದ್ರ ಇಲ್ಲಿಗೆ?"

"ಇಲ್ಲಿಗೇ."

ಅವ್ವ ಮೊಳಕಾಲಿಗೆ ಕೈಯೂರಿ ಎದ್ದಳು. "ಸುಜಾತಾ, ಚಹಾಕ್ಕ ಇಡು. ಹುಡುಗಿ ಬಂದ ಕೂಡ್ಲೆ ಇಬ್ಬರೂ ಕುಡೀತೀವಿ."

ಮುದುಕಿಗೆ ದುಃಖದಲ್ಲಿ ತಲೆ ಕೆಟ್ಟಿತು ಎಂದೇ ನನಗನಿಸಿತು. ಮೆಲ್ಲಗೆ ಭುಜ ಹಿಡಿದು, "ಅವ್ವ, ಗೆದ್ದಿಲ್ಲ ಅಕಿ. ಸೋತಾಳ," ಎಂದೆ.

"ಸೋತರ ಸೋಲಲಿ ಬಿಡು! ಗೆಲ್ಲಲಿ ಅಂತ ನಾ ಯಾವಾಗ ಬೇಡಕೊಂಡಿದ್ದೆ? ಆ ಭಾಡ್ಯಾಗೋಳು ಹುಡುಗೀನ ಹಿಡದು ಮ್ಯಾಲೆ ಒಗೀತಾವಲ್ಲ, ಕೈಕಾಲು ಮುರಕೊಳ್ಳದಂಗ ಮನೀಗೆ ಬರಲಿ ಅಂತ ಕೇಳಿದ್ದೆ. ಹಾರೂದು ಹನುಮಪ್ಪಗ ಗೊತ್ತಿದ್ದ ವಿದ್ಯಾ. ಅದಕ್ಕ ಅವನ್ನ ಕೇಳಿದೆ."

ಟೀವಿಯವರು ಇನ್ನೂ ಅಳುತ್ತಲೇ ಇದ್ದರು. ಮನೆಗೆ ಹೋಗುವುದಕ್ಕೆ ಇಷ್ಟು ಜನ ಯಾಕೆ ಅಳುತ್ತಿದ್ದಾರೆಂದು ಅವ್ವನಿಗೆ ಕೊನೆಗೂ ಅರ್ಥವಾಗಲಿಲ್ಲ. ಸತ್ಯವಾಗಿ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ನನಗೂ ಅರ್ಥವಾಗಲಿಲ್ಲ.

ಅಂಗಳಕ್ಕೆ ಹೋಗಿ ಫೋನು ಮಾಡಿದೆ. ಭಾಗ್ಯಾ ಮೊದಲು ಬರುವುದಿಲ್ಲವೆಂದಳು. ಅವ್ವ ಅಂದದ್ದನ್ನು ಅಂದಂತೆಯೇ ಹೇಳಿದೆ, ಭಾಡ್ಯಾಗಳನ್ನೂ ಬಿಡದೆ. ಆಮೇಲೆ ಹೆಂಡತಿಯ ದನಿ ಬಂತು: "ಚಪ್ಪಲಿ ಹಾಕ್ಕೊಳ್ಳಾಕತ್ತಾಳ್ರಿ."

ಅವರಿಬ್ಬರೂ ಆಟೋದಿಂದ ಇಳಿದಾಗ ಅವ್ವ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಭಾಗ್ಯಾ ಬಂದು ಅವಳ ಕಾಲ ಬಳಿ ಕೂತು, "ಸೋತೆ ಅಜ್ಜಿ," ಎಂದಳು. ಅವ್ವ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹುಡುಗಿಯ ಎರಡೂ ಪಾದ ಹಿಡಿದು ತಿರುವಿ ನೋಡಿದಳು, ಮೊಳಕಾಲು ಒತ್ತಿ ನೋಡಿದಳು, ಮೊಳಕೈ ಮಡಚಿ ಬಿಚ್ಚಿದಳು, ಬೆನ್ನ ಮೇಲೆ ಕೈಯಾಡಿಸಿದಳು. ಎಲ್ಲ ನೆಟ್ಟಗಿದೆ ಎಂದು ಖಾತ್ರಿಯಾದ ಮೇಲೆ, "ಬಸಿ ತಾ," ಎಂದಳು. ಭಾಗ್ಯಾ ಅವಳ ಮಡಿಲಲ್ಲಿ ಮುಖವಿಟ್ಟು ಅತ್ತಳು.

ಎರಡೂವರೆ ತಿಂಗಳ ಮೇಲೆ ಅವ್ವ ಚಹಾ ಊದಿದಳು. ಮೊದಲ ಗುಟುಕು ಕುಡಿದು, ಕಣ್ಣು ತೆರೆದು, ಮೊಮ್ಮಗಳ ತಲೆ ನೇವರಿಸುತ್ತ ಅಂದಳು.

"ಲಗೂನ ಬಂದಿ ನೋಡು. ಈಗರೆ ಟೀವಿನ್ಯಾಗಿದ್ದಿ."

ಇನ್ನು ಬಚ್ಚಿಡುವುದಕ್ಕೆ ಕಾಗದದ ಅಡ್ಡಿಯೂ ಇರಲಿಲ್ಲ. ಭಾಗ್ಯಾ ಹದಿನೇಳು ದಿನದಿಂದ ನನ್ನ ಮನೆಯಲ್ಲೇ ಇದ್ದಳೆಂದೂ, ನೀನು ಗೆಲುವಿಗೆ ಹರಕೆ ಹೊತ್ತಿದ್ದೀಯೆಂದು ತಿಳಿದು ನಾವೆಲ್ಲ ಬಾಯಿ ಮುಚ್ಚಿಕೊಂಡು ಸಂಕಟಪಟ್ಟೆವೆಂದೂ ಹೇಳಿದೆ. ಪೂಜಾರಿಯವರನ್ನು ಕೇಳಿದ್ದನ್ನೂ ಹೇಳಿದೆ, ಸ್ವಲ್ಪ ಪುಣ್ಯ ಬರಲೆಂದು. ಅವ್ವ ಬಸಿಯನ್ನು ಕೆಳಗಿಟ್ಟಳು. ನನ್ನನ್ನೂ ಗುರುನಾಥನನ್ನೂ ಒಂದೇ ನೋಟದಲ್ಲಿ ನೋಡಿದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ, ಅದಕ್ಕಿಂತ ಕಷ್ಟದ್ದನ್ನು ಮಾಡಿದಳು.

"ಪೂಜಾರಿನ ಕೇಳಿದಿ," ಎಂದಳು. "ನನ್ನ ಒಬ್ಬರರೆ ಕೇಳಿದಿರೇನಪ್ಪಾ, ಏನು ಬೇಡಕೊಂಡಿ ಅಂತ?"